ಹದಿನಾಲ್ಕು ಮನೆಗಳ ಲೈಟು

ಡಿಸೆಂಬರ್ ೨, ರಾತ್ರಿ ೧೧:೪೦

...ಆಮೇಲೆ ಆ ಮೂರನೇ ಮನೆಯಮ್ಮ. ಜಿಂಕೆ ಎಡಕ್ಕೆ ನೋಡಬೇಕಂತೆ. ತಿರುಗಿಸಿದೆ. ಊಹೂಂ, ಬಲಕ್ಕೇ ಇರಲಿ. ತಿರುಗಿಸಿದೆ. ತಂತಿಯ ಜಿಂಕೆ, ಹೊಟ್ಟೆ ತುಂಬಾ ಬಲ್ಬು, ಅದು ಎತ್ತ ನೋಡಿದರೆ ಯಾರಪ್ಪನ ಗಂಟು ಹೋಗುತ್ತೆ? ನಾಲ್ಕು ಸಲ ತಿರುಗಿಸಿದ ಮೇಲೆ ಹೇಳ್ತಾಳೆ, "ಮೊದಲಿದ್ದ ಹಾಗೇ ಚೆನ್ನಾಗಿತ್ತು."

ಬೆರಳು ಮರಗಟ್ಟಿವೆ. ಅದಕ್ಕೇ ಬರೆಯೋದಿಲ್ಲ, ಫೋನಿಗೆ ಹೇಳಿ ಮಲಗ್ತೀನಿ. ಯಾರು ಕೇಳಬೇಕು ಇದನ್ನ... ಪಕ್ಕದ ಹಾಸಿಗೆ ಬೇಕರಿಯವನು ಗೊರಕೆ ಹೊಡೀತಿದ್ದಾನೆ. ಹೊಟ್ಟೇಲಿ ಇಟ್ಕೊಂಡ್ರೆ ನಿದ್ದೆ ಬರಲ್ಲ, ಅಷ್ಟೆ.

ರೂಮಿನಿಂದ ಹತ್ತು ನಿಮಿಷ ನಡೆದರೆ ಆ ಬೀದಿ. ಹದಿನಾಲ್ಕು ಮನೆ. ವರ್ಷದ ಕೊನೆ ರಜೆಗೆ ಒಬ್ಬರಿಗಿಂತ ಒಬ್ಬರದು ಜಾಸ್ತಿ ಮಿನುಗಬೇಕು. ಏಣಿ ಹತ್ತೋದು ನಾನು, ಹೆಸರು ಅವರದು. ಊರೆಲ್ಲ ಕಾರು ಹತ್ತಿ ನೋಡೋಕೆ ಬರುತ್ತಂತೆ. ಕಿಟಕಿ ಗಾಜು ಕೂಡ ಇಳಿಸಲ್ಲ ಮಹಾರಾಯರು. ಮನೇಲಿ ಸ್ವಿಚ್ ಒತ್ತಿದರೆ ಬಲ್ಬು ಹತ್ತಲ್ವಾ ಇವರಿಗೆ?

ಡಿಸೆಂಬರ್ ೪, ರಾತ್ರಿ ೧೨:೦೫

ಅಮ್ಮ ಫೋನ್ ಮಾಡಿದ್ದಳು. ಹತ್ತನೇ ತಾರೀಕು ಬೆಳಗ್ಗೆ ಆಪರೇಷನ್. ಬಲಗಣ್ಣು ಹೋಗಿ ಎರಡು ವರ್ಷ ಆಯ್ತು. ಉಳಿದಿರೋದು ಎಡದ್ದು, ಅದಕ್ಕೂ ಪೊರೆ.

"ಮಗಾ, ಆ ಲೈಟು ಒಂದ್ಸಲ ತೋರಿಸೋ ಫೋನಲ್ಲಿ."

"ಅಯ್ಯೋ, ಅದರಲ್ಲಿ ನೋಡೋದೇನಿದೆ ಅಮ್ಮಾ? ಬಲ್ಬು."

"ನೀನು ಕಟ್ಟಿದ್ದಲ್ವೇನೋ?"

"ಗಟಾರ ಕ್ಲೀನ್ ಮಾಡಿದ್ದೂ ನಾನೇ. ಅದನ್ನೂ ತೋರಿಸ್ಲಾ?"

ನಕ್ಕಳು. ಆಮೇಲೆ ಮೆಲ್ಲಗೆ, "ಟೇಬಲ್ ಮೇಲೆ ಮಲಗೋಕೆ ಮುಂಚೆ ನೋಡಿಬಿಡ್ತೀನಿ ಕಣೋ. ಆಮೇಲೆ ಹೆಂಗೋ ಏನೋ, ಯಾರಿಗೆ ಗೊತ್ತು."

ಎಲ್ಲದಕ್ಕೂ ಇದೊಂದು ಅಸ್ತ್ರ ಇಟ್ಕೊಂಡಿದ್ದಾಳೆ. ಆಯ್ತು ಅಂದೆ. ಒಂಬತ್ತನೇ ತಾರೀಕು ಉದ್ಘಾಟನೆ, ಇಲ್ಲಿ ಸಂಜೆ ಆರು, ಅವಳಿಗೆ ರಾತ್ರಿ ಹನ್ನೊಂದೂವರೆ. ಎದ್ದಿರ್ತೀನಿ ಅಂದಳು. ಹೌದು, ಬಲ್ಬಿಗೂ ಉದ್ಘಾಟನೆ ಇದೆ ಇಲ್ಲಿ! ಮೈಕು, ಎಣಿಕೆ, ಚಪ್ಪಾಳೆ.

ಡಿಸೆಂಬರ್ ೭, ರಾತ್ರಿ ೧೧:೧೫

ಇವತ್ತು ನಮ್ಮ ಗುತ್ತಿಗೆದಾರ, ಅದೇ ಏಣಿರಾಯ, ನನ್ನ ಕೈಗಡಿಯಾರ ನೋಡಿ ನಕ್ಕ. ನಮ್ಮ ಕಡೆಯವನೇ, ಬಂದು ಇಪ್ಪತ್ತು ವರ್ಷ.

"ಏನ್ ತಮ್ಮಾ, ಕೈಯಲ್ಲಿ ಇನ್ನೂ ಊರಿನ ಟೈಮಾ? ಐದೂವರೆ ಗಂಟೆ ಮುಂದೆ ಓಡ್ತಿದೆಯಲ್ಲೋ."

"ಕಳೆದು ನೋಡ್ಕೋತೀನಿ ಅಣ್ಣ. ಅಭ್ಯಾಸ ಆಗಿದೆ."

"ನನಗೂ ಇತ್ತು. ಆರು ತಿಂಗಳು. ಎಂಟು ತಿಂಗಳು ದಾಟಿದರೆ ಅದು ಅಭ್ಯಾಸ ಅಲ್ಲ, ಕಾಯಿಲೆ."

ದೊಡ್ಡ ಡಾಕ್ಟರ್ರು. ಅಮ್ಮ ಎದ್ದಳಾ, ಉಂಡಳಾ, ಮಲಗಿದಳಾ ಅಂತ ನೋಡೋಕೆ ಚಳೀಲಿ ಗ್ಲೌಸ್ ಬಿಚ್ಚಿ ಫೋನ್ ತೆಗೀಬೇಕಾ? ಕೈ ತಿರುಗಿಸಿದರೆ ಸಾಕು. ಹತ್ತು ತಿಂಗಳಾಯ್ತು, ಒಂದ್ಸಲನಾದರೂ ತಪ್ಪಿದ್ದೀನಾ.

ಡಿಸೆಂಬರ್ ೯, ರಾತ್ರಿ ೧೧:೩೦

ಮುಗೀತು ಕಥೆ.

ಹೇಳ್ತೀನಿ. ಮೊದಲಿಂದ.

ಬೆಳಗಿನ ಜಾವ ನಾಲ್ಕಕ್ಕೆ ತಂಗಿ ಫೋನ್. ಆಸ್ಪತ್ರೆಯಿಂದ. ಶುಗರ್ ಜಾಸ್ತಿ ಅಂತಿದ್ದಾರೆ, ಮಾಡ್ತಾರೋ ಬಿಡ್ತಾರೋ. ಅರ್ಧ ಗಂಟೆ ಬಿಟ್ಟು ಮತ್ತೆ. ಆಮೇಲೆ ಮತ್ತೆ. ಕೊನೆಗೆ ಮಾಡ್ತಾರಂತೆ. ನಿದ್ದೆ ಎಲ್ಲಿ ಬರಬೇಕು. ಒಂಬತ್ತಕ್ಕೆ ಏಣಿರಾಯ ಬೀದೀಲಿ ಇಳಿಸಿ, ಹದಿನಾಲ್ಕೂ ಮನೆಗೆ ಟೈಮರ್ ಹಾಕು ಅಂತ ಹೇಳಿ ಬೇರೆ ಕೆಲಸಕ್ಕೆ ಹೋದ. ಟೈಮರ್ ಅಂದ್ರೆ ಒಂದು ಚಕ್ರ. ಈಗ ಎಷ್ಟು ಗಂಟೆಯೋ ಅಲ್ಲಿಗೆ ತಿರುಗಿಸಬೇಕು, ಆರಕ್ಕೆ ಹತ್ತೋದು ಹನ್ನೊಂದೂವರೆಗೆ ಆರೋದು ಅದೇ ಮಾಡ್ಕೊಳ್ಳುತ್ತೆ. ಮೂರು ವರ್ಷದ ಮಗುವೂ ಮಾಡೋ ಕೆಲಸ.

ಕೈ ತಿರುಗಿಸಿದೆ. ಎರಡೂವರೆ. ಚಕ್ರ ಎರಡೂವರೆಗಿಟ್ಟೆ. ಮುಂದಿನ ಮನೆ, ಎರಡೂ ನಲವತ್ತು. ಹದಿನಾಲ್ಕೂ ಮನೆ ಹಂಗೇ. ತಲೇಲಿ ಆಸ್ಪತ್ರೆ. ಅಮ್ಮ ಉಂಡಿರ್ತಾಳೆ, ಮಾತ್ರೆ ತಗೊಂಡಿರ್ತಾಳೆ... ಐದೂವರೆ ಕಳೀಲೇ ಇಲ್ಲ. ಕಳೀಲೇ ಇಲ್ಲ!

ಅಂದ್ರೆ ಮಧ್ಯಾಹ್ನ ಹನ್ನೆರಡೂವರೆಗೇ ಹತ್ತಿವೆ ಎಲ್ಲಾ. ಹಾಡುಹಗಲು, ಬಿಸಿಲಲ್ಲಿ, ಯಾರ ಕಣ್ಣಿಗೂ ಬೀಳದೆ. ಸಂಜೆ ನಾನು ಹೋಗೋ ಹೊತ್ತಿಗೆ ಆರಕ್ಕೆ ಮೂರು ನಿಮಿಷ. ಜನವೋ ಜನ. ಲೈಟು ಜಗಜಗ. "ಆಗಲೇ ಯಾಕೋ ಹತ್ತಿವೆ?" ಅಂದ ಏಣಿರಾಯ. "ಟೈಮರ್ ಸ್ವಲ್ಪ ಮುಂದಿರಬೇಕು ಅಣ್ಣ" ಅಂದೆ. ಸ್ವಲ್ಪ!

ಹತ್ತಿರೋ ಲೈಟಿಗೇ ಮೈಕಿನವನು ಎಣಿಕೆ ಶುರು ಮಾಡಿದ. ಸಂಪ್ರದಾಯ ಬಿಡಬಾರದಲ್ಲ. ಹತ್ತು, ಒಂಬತ್ತು... ಅಮ್ಮನಿಗೆ ಆಗಲೇ ವಿಡಿಯೋ ಕಾಲ್ ಹಾಕಿದ್ದೆ. ಮೊದಲು ನನ್ನ ಮುಖ ನೋಡಬೇಕು ಅಂದಳು. "ಸೊರಗಿದ್ದೀಯಲ್ಲೋ." ಎಣಿಕೆ ಏಳಕ್ಕೆ ಬಂದಾಗ ಮೊದಲನೇ ಮನೆ ಆರಿತು. ಐದಕ್ಕೆ ಜಿಂಕೆ. ಒಂದೊಂದೇ, ಒಂದೊಂದೇ. ನಾನು ಕ್ಯಾಮರಾ ತಿರುಗಿಸೋಕೂ ಕೊನೇ ಮನೆ ಆರೋಕೂ ಸರಿಹೋಯ್ತು. ಟೈಮರ್ ಲೆಕ್ಕದಲ್ಲಿ ಹನ್ನೊಂದೂವರೆ ಆಗಿತ್ತಲ್ಲ. ಬೀದಿಗೆ ಬೀದಿ ಕತ್ತಲೆ. ದನದಂಥ ಜನ, ಇದೂ ಶೋನೇ ಅಂದ್ಕೊಂಡು ಓಹೋ ಅಂತ ಚಪ್ಪಾಳೆ ಹೊಡೆದರು! ಶಿಳ್ಳೆ ಬೇರೆ.

ಏಣಿರಾಯ ಕಾಲರ್ ಹಿಡಿದ. ಫೋನ್ ಕಟ್ ಮಾಡಿದೆ.

"ಕೈ ತೋರಿಸು," ಅಂದ. ತೋರಿಸಿದೆ. ಹನ್ನೊಂದೂ ಮೂವತ್ತೈದು. ಬೈಲೇ ಇಲ್ಲ ಪುಣ್ಯಾತ್ಮ. "ನಾಳೆಯಿಂದ ಗೋಡೌನಲ್ಲಿ ಪೆಟ್ಟಿಗೆ ಜೋಡಿಸು. ಈ ಬೀದಿ ಕಡೆ ತಲೆ ಹಾಕಬೇಡ." ಅಷ್ಟೆ. ಬೈದಿದ್ರೆ ಚೆನ್ನಾಗಿತ್ತು.

ಡಿಸೆಂಬರ್ ೧೦, ರಾತ್ರಿ ೧೦:೫೦

ಆಪರೇಷನ್ ಆಗಲಿಲ್ಲ. ಅಮ್ಮ ಮನೆ ಬಿಟ್ಟು ಹೊರಡಲೇ ಇಲ್ಲ.

ತಂಗಿ ಅಳ್ತಾ ಹೇಳಿದಳು. "ಅಣ್ಣಾ, ನಿನ್ನೆ ಏನ್ ತೋರಿಸ್ದೆ ನೀನು? ಅಷ್ಟು ಜನ ಓಹೋ ಅಂದ್ರು, ಚಪ್ಪಾಳೆ ಹೊಡೆದ್ರು, ನನಗೆ ಒಂದು ಚುಕ್ಕಿನೂ ಕಾಣಲಿಲ್ಲ ಅಂತಾಳೆ. ಹತ್ತಿರದ್ದು ಮಸುಕು ಮಸುಕಾಗಿ ಕಂಡರೇನು, ಅಷ್ಟು ಲೈಟೇ ಕಾಣದ ಮೇಲೆ ಕಣ್ಣು ಹೋದ ಹಾಗೇ, ಹೋದ ಕಣ್ಣಿಗೆ ಕತ್ತರಿ ಯಾಕೆ ಅಂತ ಕೂತುಬಿಟ್ಟಿದ್ದಾಳೆ."

"ಲೈಟೇ ಇರಲಿಲ್ಲ ಕಣೇ! ಆರಿಹೋಗಿತ್ತು. ನಾನೇ ಕೆಡಿಸಿದ್ದು."

"ಹೇಳ್ದೆ. ನನ್ನ ಸಮಾಧಾನಕ್ಕೆ ಹೇಳ್ತಾನೆ ಬಿಡು, ಕತ್ತಲೆಗೆ ಯಾರು ಚಪ್ಪಾಳೆ ಹೊಡೀತಾರೆ ಅಂತಾಳೆ."

ಹೊಡೀತಾರೆ ಅಮ್ಮಾ, ಇಲ್ಲಿ ಹೊಡೀತಾರೆ, ಅಂಥಾ ಜನ ಇವರು. ಅಮ್ಮನ ಕೈಗೆ ಫೋನ್ ಕೊಡಿಸಿ ನಾನೇ ಹೇಳಿದೆ. "ಆಯ್ತಪ್ಪ," ಅಂದಳು. ಆ "ಆಯ್ತಪ್ಪ" ಗೊತ್ತು ನನಗೆ. ಅಪ್ಪ ಹೋದಾಗ ಡಾಕ್ಟರಿಗೂ ಅದನ್ನೇ ಅಂದಿದ್ದಳು.

ಡಾಕ್ಟರು ಹನ್ನೆರಡನೇ ತಾರೀಕು ಬೆಳಗ್ಗೆ ಇನ್ನೊಂದು ಸಲ ಕರೆದಿದ್ದಾರೆ. ಆರು ಗಂಟೆಗೆ ಹೊರಡಬೇಕು. ಅದೂ ತಪ್ಪಿದರೆ ಮುಂದಿನ ತಿಂಗಳು. ಪೊರೆ ಅಲ್ಲೀವರೆಗೆ ಕಾಯಲ್ಲ ಅಂದಿದ್ದಾರೆ.

ಡಿಸೆಂಬರ್ ೧೧, ರಾತ್ರಿ ೮:೧೦

ಗೋಡೌನಿಂದ ಬಿಟ್ಟಿದ್ದೇ ಏಳೂವರೆಗೆ, ಈಗ ಬೀದೀಲೇ ಇದ್ದೀನಿ. ಬೇಕರಿಯವನ ಟೋಪಿ, ಮೂಗಿನ ತನಕ. ನೋಡೋಕೆ ಬಂದ ಜನರ ಜೊತೆ ನಾನೂ ಒಬ್ಬ, ಥೂ. ಮುಂದೆ ಒಬ್ಬ ಕಾರಿನ ಕಿಟಕಿ ಇಳಿಸಿ ಫೋಟೋ ತೆಗೀತಿದ್ದಾನೆ. ಗಾಜು ಇಳಿಯುತ್ತೆ ಹಂಗಾದ್ರೆ.

ಏಣಿರಾಯ ಸಿಕ್ಕಿದ. ಟೋಪಿ ಎತ್ತಿ ನೋಡಿದ.

"ಬರಬೇಡ ಅಂದಿದ್ನಲ್ಲ."

"ಅಮ್ಮನಿಗೆ ತೋರಿಸಬೇಕು ಅಣ್ಣ. ಆರಿದ್ದು ಲೈಟು, ಅವಳ ಕಣ್ಣಲ್ಲ ಅಂತ."

ಪೂರ್ತಿ ಕೇಳಿದ. ಮೂರನೇ ಮನೆ ಮೆಟ್ಟಿಲು ತೋರಿಸಿದ. "ಅಲ್ಲಿ ನಿಂತ್ಕೋ. ಬೀದಿ ಪೂರ್ತಿ ಕಾಣುತ್ತೆ. ಯಾರಾದ್ರೂ ಕೇಳಿದ್ರೆ ಜಿಂಕೆ ರಿಪೇರಿ ಅನ್ನು."

ಫೋನ್ ಹಚ್ಚಿದೆ. ರಿಂಗ್ ಆಗ್ತಿದೆ, ಎತ್ತಲ್ಲ. ಅಲ್ಲಿ ಒಂದೂ ನಲವತ್ತು, ಮಲಗಿದ್ದಾರೆ. ಆರು ಸಲ ಮಾಡಿದೆ.

ಹದಿನಾಲ್ಕೂ ಹತ್ತಿವೆ. ಎಂಟನೇ ಮನೆ ಸೂರಿನ ಸರ ಮಾತ್ರ ಸೊಟ್ಟ. ಅದು ನಾನಲ್ಲ, ಗಾಳಿ. ಚೆನ್ನಾಗಿದೆ ಅಂತ ಸತ್ತರೂ ಹೇಳಲ್ಲ.

ಇರು, ಈ ರೆಕಾರ್ಡಿಂಗನ್ನೇ ತಂಗಿಗೆ ಕಳಿಸ್ತೀನಿ. ಮೇಲಿಂದ ಬೈದಿದ್ದೆಲ್ಲ ಕೇಳಿಸ್ಕೊಂಡ್ರೆ ಕೇಳಿಸ್ಕೊಳ್ಳಲಿ.

ಪುಟ್ಟೀ, ಎದ್ದ ತಕ್ಷಣ ಅಮ್ಮನ್ನ ಎಬ್ಬಿಸು. ಲೈಟು ಇಲ್ಲಿ ಹನ್ನೊಂದೂವರೆ ತನಕ, ಅಂದ್ರೆ ನಿಮಗೆ ಬೆಳಗಿನ ಜಾವ ಐದು. ಅದಕ್ಕಿಂತ ಮುಂಚೆ ಮಾಡ್ಬೇಕು. ಅಮ್ಮ ನನ್ನ ಮುಖ ನೋಡ್ತೀನಿ ಅಂದ್ರೆ ಕೇಳ್ಬೇಡ, ಮೊದಲು ಬೀದಿ. ನಾನು ಇಲ್ಲೇ ನಿಂತಿರ್ತೀನಿ, ಎಲ್ಲೂ ಹೋಗಲ್ಲ. ಮೂರೂವರೆಗೆ ಮಾಡು. ನಿಮ್ಮ ಮೂರೂವರೆ. ಇಲ್ಲಿ ಹತ್ತು, ಐದೂವರೆ ಕಳೆದಿದ್ದೀನಿ, ಎರಡು ಸಲ ಕಳೆದಿದ್ದೀನಿ. ಮೂರೂವರೆ, ಪುಟ್ಟೀ, ಮೂರೂ