ಸುಷ್ಮಾಳ ಐದನೇ ಫೌಲಿಗೆ ಹೊಣೆ ಯಾರು?

ಕೃಷ್ಣಮೂರ್ತಿಪುರಂ, ಮೈಸೂರು
ನವೆಂಬರ್ 2003

ಜಿಲ್ಲೆಯ ಮಹಿಳಾ ಬ್ಯಾಸ್ಕೆಟ್‌ಬಾಲ್ ತಂಡವನ್ನು ಆರಿಸುವ ಸಮಿತಿಯ ಅಧ್ಯಕ್ಷರಿಗೆ,

ಮಾನ್ಯರೇ,

ಕಳೆದ ಡಿಸೆಂಬರಿನಲ್ಲಿ ದಾವಣಗೆರೆಯಲ್ಲಿ ನಮ್ಮ ಹುಡುಗಿಯರು ಸೆಮಿಫೈನಲ್ ಸೋತದ್ದು ಏಕೆಂದು ಹನ್ನೊಂದು ತಿಂಗಳ ಬಳಿಕ ನಿಮ್ಮ ವಾರ್ಷಿಕ ವರದಿಯಿಂದ ತಿಳಿದು ಧನ್ಯನಾದೆ. ‘ಹಿರಿಯ ಆಟಗಾರ್ತಿಯ ಬೇಜವಾಬ್ದಾರಿ ಹಾಗೂ ತಂಡದಲ್ಲಿ ಮನೋಬಲದ ಕೊರತೆ’ ಎಂದು ಬರೆದಿದ್ದೀರಿ. ಅದರ ಬೆನ್ನಿಗೇ ಬಂದ ಈ ಸಾಲಿನ ಆಯ್ಕೆ ಪಟ್ಟಿಯಲ್ಲಿ ಆ ಹಿರಿಯ ಆಟಗಾರ್ತಿ ಸುಷ್ಮಾಳ ಹೆಸರಿಲ್ಲ. ಆರು ವರ್ಷ ಜಿಲ್ಲೆಗೆ ಆಡಿದವಳನ್ನು ಒಂದೇ ಸಾಲಿನಲ್ಲಿ ಮನೆಗೆ ಕಳಿಸಿದ್ದೀರಿ. ಆ ದಿನ ತರಬೇತುದಾರನಾಗಿ ಅಂಗಳದ ಬದಿಯಲ್ಲಿ ಕುಳಿತಿದ್ದವನು ನಾನು. ನಮಗೆ ಕೊರತೆಯಾದದ್ದು ಮನೋಬಲವಲ್ಲ, ಒಬ್ಬ ಆಟಗಾರ್ತಿ. ಅವಳು ಯಾರೆಂಬುದು ನಿಮಗೆ ಮರೆತಿರಬಹುದು. ಆದ್ದರಿಂದ ಈ ಬಹಿರಂಗ ಪತ್ರದಲ್ಲಿ ಊರಿಗೆಲ್ಲ ಕೇಳುವಂತೆ ನೆನಪಿಸುತ್ತಿದ್ದೇನೆ.

ಅವಳ ಹೆಸರು ವಾಣಿ. ಬೋಗಾದಿಯಲ್ಲಿ ಗಾರೆ ಕೆಲಸ ಮಾಡುವ ಮರಿಯಯ್ಯನವರ ಮಗಳು. ಐದು ಅಡಿ ಎಂಟು ಅಂಗುಲ ಎತ್ತರ. ಚೆಂಡನ್ನು ಬುಟ್ಟಿಗೆ ಹಾಕುವುದು ಅವಳಿಗೆ ಅಷ್ಟಾಗಿ ಬರುವುದಿಲ್ಲ. ಇದನ್ನು ನಾನೂ ಒಪ್ಪುತ್ತೇನೆ, ಅವಳೂ ಒಪ್ಪುತ್ತಾಳೆ. ಎದುರಿನವಳು ಹಾಕದಂತೆ ನೋಡಿಕೊಳ್ಳುವುದು ಚೆನ್ನಾಗಿ ಬರುತ್ತದೆ. ಜಗ್ಗುವುದಿಲ್ಲ, ಮೈಮೇಲೆ ಬೀಳುವುದಿಲ್ಲ. ಎದುರಿನವಳು ಹೋಗಬೇಕೆಂದುಕೊಂಡ ಜಾಗಕ್ಕೆ ಒಂದು ಹೆಜ್ಜೆ ಮೊದಲೇ ಹೋಗಿ ನಿಂತಿರುತ್ತಾಳೆ. ಕಳೆದ ವರ್ಷದ ಆಯ್ಕೆಯ ದಿನ ಅವಳನ್ನು ಸುಷ್ಮಾಳ ಎದುರಿಗೆ ನಿಲ್ಲಿಸಿದ್ದೆ. ಯಾವ ಪಂದ್ಯದಲ್ಲೂ ಇಪ್ಪತ್ತು ಅಂಕಕ್ಕೆ ಕಡಿಮೆ ಗಳಿಸದ ಸುಷ್ಮಾ ಅಂದು ಗಳಿಸಿದ್ದು ನಾಲ್ಕು. ತಾವು ಶಾಮಿಯಾನದ ನೆರಳಿನಲ್ಲಿ ಕುಳಿತು ಸುಷ್ಮಾಳ ಹೆಸರಿನ ಮುಂದೆ ‘ಇಂದು ಲಯದಲ್ಲಿಲ್ಲ’ ಎಂದೂ, ವಾಣಿಯ ಹೆಸರಿನ ಮುಂದೆ ‘ಎರಡು ಅಂಕ’ ಎಂದೂ ಬರೆದುಕೊಂಡಿರಿ. ಲಯ ತಪ್ಪಿಸಿದವರು ಯಾರೆಂಬ ಕುತೂಹಲ ತಮಗೆ ಒಂದು ಗಳಿಗೆಯೂ ಹುಟ್ಟಲಿಲ್ಲವೇ?

ಆಮೇಲೆ ನಾನು ಎರಡು ಪುಟದ ಟಿಪ್ಪಣಿ ಬರೆದು ತಂದೆ. ಯಾವ ಜಿಲ್ಲೆಯ ಯಾವ ಆಟಗಾರ್ತಿಯನ್ನು ನಮ್ಮಲ್ಲಿ ಯಾರು ಕಾಯಬೇಕು, ಅವರು ದಣಿದರೆ ಅವರ ಜಾಗಕ್ಕೆ ಯಾರು, ಎಲ್ಲವೂ ಅದರಲ್ಲಿತ್ತು. ಮಂಡ್ಯದ ತಂಡದಲ್ಲಿ ಆರಡಿಗೆ ಒಂದೇ ಅಂಗುಲ ಕಡಿಮೆಯಿದ್ದ ಹುಡುಗಿಯೊಬ್ಬಳಿದ್ದಳು. ಅವಳನ್ನು ವಾಣಿ ಕಾದರೆ ಸುಷ್ಮಾ ಫೌಲುಗಳ ಭಯವಿಲ್ಲದೆ ಅಂಕ ಗಳಿಸಬಹುದು ಎಂದು ಕೆಳಗೆ ಗೆರೆ ಎಳೆದು ಬರೆದಿದ್ದೆ. ತಾವು ಪುಟ ತಿರುವದೆಯೇ ನಕ್ಕಿರಿ.

“ಎರಡು ಪಾಯಿಂಟ್ ಹುಡುಗೀನ ದಾವಣಗೆರೆವರ್ಗೂ ಕರ್ಕೊಂಡೋಗಿ ಏನ್ಮಾಡ್ತೀರಿ ಸ್ವಾಮಿಯವ್ರೆ? ಪಾಯಿಂಟ್ ಹೊಡೆಯೋರು ಬೇಕು ಕಣ್ರೀ.”

“ಸಾರ್, ಅವ್ಳು ಇಪ್ಪತ್ತು ಪಾಯಿಂಟ್ ತಡೀತಾಳೆ,” ಅಂದೆ.

“ತಡೆದಿದ್ದನ್ನ ಸ್ಕೋರ್‌ಬೋರ್ಡಲ್ಲಿ ಎಲ್ಲಿ ಬರೀತಾರೆ, ತೋರ್ಸಿ ನೋಡಣ.”

ಹೀಗೆಂದು ವಾಣಿಯ ಹೆಸರನ್ನು ಹೊಡೆದು ಹಾಕಿದಿರಿ. ಹನ್ನೆರಡು ಜನರ ತಂಡದಲ್ಲಿ ಎತ್ತರದವಳೆಂದು ಸುಷ್ಮಾ ಒಬ್ಬಳೇ ಉಳಿದಳು.

ದಾವಣಗೆರೆಯ ಸೆಮಿಫೈನಲಿನಲ್ಲಿ ಎದುರಾದದ್ದು ಅದೇ ಮಂಡ್ಯ. ನಡೆದದ್ದು ಇಷ್ಟು. ಅರ್ಧ ಆಟ ಮುಗಿದಾಗ ನಾವು ಹನ್ನೊಂದು ಅಂಕ ಮುಂದಿದ್ದೆವು. ಆದರೆ ಮಂಡ್ಯದ ಆ ಎತ್ತರದ ಹುಡುಗಿಯನ್ನು ಒಬ್ಬಳೇ ತಡೆಯುತ್ತಿದ್ದ ಸುಷ್ಮಾಳಿಗೆ ಅಷ್ಟರಲ್ಲೇ ಮೂರು ಫೌಲುಗಳಾಗಿದ್ದವು. ಸ್ವಲ್ಪ ಹೊತ್ತಿನಲ್ಲೇ ನಾಲ್ಕನೆಯದೂ ಆಯಿತು. ಐದಾದರೆ ಆಟಗಾರ್ತಿ ಆ ಪಂದ್ಯದಿಂದಲೇ ಹೊರಗೆ. ಅವಳನ್ನು ಕರೆದು ಕೂರಿಸಿ, ಬದಲಿಗೆ ಇನ್ನಿಬ್ಬರನ್ನು ಒಬ್ಬರಾದ ಮೇಲೆ ಒಬ್ಬರಂತೆ ಕಳಿಸಿದೆ. ಇಬ್ಬರೂ ದೂರದಿಂದ ಚೆಂಡು ಹಾಕುವುದರಲ್ಲಿ ನಿಪುಣರು. ಮಂಡ್ಯದ ಹುಡುಗಿ ಎಸೆದ ಚೆಂಡು ಅವರ ತಲೆಯ ಮೇಲಿಂದಲೇ ಬುಟ್ಟಿಗೆ ಬೀಳುತ್ತಿತ್ತು. ಅವರಲ್ಲೊಬ್ಬಳಾದ ಶಿಲ್ಪಶ್ರೀ ಬದಿಗೆ ಓಡಿ ಬಂದು, “ಸಾರ್, ನಾನ್ ಎಗರಿದ್ರೂ ಅವ್ಳ ಮೊಣಕೈ ಎಟುಕ್ತಿಲ್ಲ. ಎಂಗ್ ತಡೀಲಿ, ಹೇಳಿ,” ಅಂದಳು. ಆ ಪ್ರಶ್ನೆಯನ್ನು ತಮಗೇ ದಾಟಿಸುತ್ತಿದ್ದೇನೆ. ಉತ್ತರ ತಮ್ಮಲ್ಲಿದೆಯೇ?

ಮುನ್ನಡೆ ಎರಡು ಅಂಕಕ್ಕೆ ಇಳಿದಾಗ ಸುಷ್ಮಾ ತಾನೇ ಎದ್ದು ನಿಂತಳು. “ಕಳ್ಸಿ ಸಾರ್, ಆದದ್ದಾಗ್ಲಿ,” ಅಂದಳು. ಕಳಿಸಿದೆ. ಆರು ನಿಮಿಷ ಬಾಕಿಯಿರುವಾಗ ಐದನೇ ಫೌಲ್ ಆಯಿತು. ಬುಟ್ಟಿಯ ಕೆಳಗೆ ಅಡ್ಡ ನಿಲ್ಲುವವರೇ ಇಲ್ಲದೆ ನಾಲ್ಕು ಅಂಕದಿಂದ ಸೋತೆವು. ಅವಳು ಟವೆಲನ್ನು ಮುಖಕ್ಕೆ ಒತ್ತಿಕೊಂಡು ಕೊನೆಯ ಸೀಟಿಯವರೆಗೂ ಕುಳಿತಿದ್ದಳು. ತಮ್ಮ ವರದಿಯ ಪ್ರಕಾರ ಇದು ಬೇಜವಾಬ್ದಾರಿ.

ಮೈಸೂರಿಗೆ ಮರಳಿದ ಮಾರನೆಯ ದಿನ ಸುಷ್ಮಾ ನನ್ನನ್ನೂ ಕರೆದುಕೊಂಡು ಬೋಗಾದಿಗೆ ಹೋದಳು. ವಾಣಿ ಹೊರಗೆ ಬಟ್ಟೆ ಒಗೆಯುತ್ತಿದ್ದಳು. “ನೀನಿದ್ದಿದ್ರೆ ಗೆಲ್ತಿದ್ವಿ ಕಣೇ,” ಎಂದು ಸುಷ್ಮಾ ಹೇಳಿದಾಗ ಅವಳು ತಲೆಯೆತ್ತದೆ, “ಬುಡಕ್ಕ, ಈಗ್ ಅದ್ಯಾಕೆ,” ಅಂದಳು. ಕೈಯಲ್ಲಿದ್ದ ಬಟ್ಟೆ ಹಿಂಡಿ ಹಾಕಿ, “ಅವ್ಳು ಯಾವ ಕಡೆ ತಿರುಗ್ತಾಳೆ, ಬಲಕ್ಕೋ ಎಡಕ್ಕೋ?” ಎಂದು ಕೇಳಿದಳು. ಆಡಲು ಸಿಗದ ಆಟವನ್ನು ಆ ಹುಡುಗಿ ಮನಸ್ಸಿನಲ್ಲೇ ಆಡುತ್ತಿದ್ದಳು. ಸುಷ್ಮಾ ಒದ್ದೆ ನೆಲದ ಮೇಲೇ ಕುಳಿತು ವಿವರಿಸತೊಡಗಿದಳು.

ಕಳೆದ ವಾರ ಹೊಸ ಪಟ್ಟಿ ಹಿಡಿದು ನಾನೊಬ್ಬನೇ ಮತ್ತೆ ಆ ಮನೆಗೆ ಹೋಗಿದ್ದೆ. ವಾಣಿ ಈಗ ಹೂಟಗಳ್ಳಿಯ ಕಾರ್ಖಾನೆಯೊಂದರಲ್ಲಿ ಪ್ಯಾಕಿಂಗ್ ಕೆಲಸದಲ್ಲಿದ್ದಾಳೆ. ಭಾನುವಾರ ತಪ್ಪದೆ ಆಡಲು ಬರುತ್ತಾಳೆ. ಈ ಸಲ ಅವಳಿಗೆ ಆಯ್ಕೆಯ ಕರೆಯೂ ಹೋಗಿಲ್ಲ. ನಾನು ಹೋದಾಗ ಅವಳು ಕೆಲಸಕ್ಕೆ ಹೋಗಿದ್ದಳು. ಅವಳ ತಾಯಿ ಬೀರಮ್ಮ ಪಟ್ಟಿಯಲ್ಲಿ ಇಬ್ಬರ ಹೆಸರೂ ಇಲ್ಲವೆಂದು ಕೇಳಿ, “ಆಡ್ದೋಳ್ನೂ ಬುಟ್ರಾ? ಆಡ್ದೆ ಇದ್ದೋಳ್ನೂ ಬುಟ್ರಾ? ಎಂಗಿದ್ರೆ ನಿಮ್ಗೆ ಸರಿ ಸಾರ್?” ಎಂದು ಕೇಳಿದರು. ನನ್ನನ್ನೇ ಕೇಳಿದರು. ಕೇಳಬೇಕಾದದ್ದೇ. ಕಳೆದ ವರ್ಷದ ಪಟ್ಟಿಗೆ, ಅದು ತಪ್ಪೆಂದು ಗೊತ್ತಿದ್ದೂ, ತಮ್ಮ ಸಹಿಯ ಕೆಳಗೆ ಸಹಿ ಹಾಕಿದವನು ನಾನು. ಮೂವತ್ತು ವರ್ಷ ಮಕ್ಕಳಿಗೆ ಆಟ ಕಲಿಸಿದ ಮೇಷ್ಟ್ರು, ಮೇಜಿನಾಚೆಯ ಒಂದು ನಗುವಿಗೆ ಬಾಯಿ ಮುಚ್ಚಿಕೊಂಡು ಬಂದೆ.

ಈ ವರ್ಷದ ಪಟ್ಟಿಗೆ ಸಹಿ ಹಾಕುವುದಿಲ್ಲ. ವರದಿಯ ಆ ವಾಕ್ಯವನ್ನು ತೆಗೆದುಹಾಕಿ, ಹಾಗೆ ಬರೆದದ್ದು ತಪ್ಪೆಂದು ಸುಷ್ಮಾಳಿಗೆ ಪತ್ರ ಬರೆಯಿರಿ. ಪಟ್ಟಿಯನ್ನು ರದ್ದು ಮಾಡಿ, ಬರುವ ಭಾನುವಾರ ಎಲ್ಲರೆದುರು ಮತ್ತೊಮ್ಮೆ ಆಯ್ಕೆ ನಡೆಸಿ, ಇಬ್ಬರನ್ನೂ ಕರೆಯಿರಿ. ಹಾಕಿದ ಅಂಕಗಳನ್ನು ತಾವು ಎಣಿಸಿ, ತಡೆದವುಗಳನ್ನು ನಾನು ಎಣಿಸುತ್ತೇನೆ. ಅದು ಆಗದಿದ್ದರೆ ತಂಡಕ್ಕೆ ಬೇರೆ ತರಬೇತುದಾರನನ್ನು ನೋಡಿಕೊಳ್ಳಿ. ನಾನು ಅವರಿಬ್ಬರನ್ನೇ ಕರೆದುಕೊಂಡು ಬೇರೆ ಅಂಗಳ ಹುಡುಕುತ್ತೇನೆ.

ಇಂತಿ,
ಒಂದು ವರ್ಷ ತಡವಾಗಿ ಬಾಯಿಬಿಟ್ಟ
ಸಿದ್ದಲಿಂಗಸ್ವಾಮಿ
ನಿವೃತ್ತ ದೈಹಿಕ ಶಿಕ್ಷಣ ಶಿಕ್ಷಕ