ಖಾಲಿ ಬಿಲ್ಲೆಯ ನಲವತ್ತೊಂದು ಮಿಂಚು

ಗ್ರಾಟ್ಸ್,
9 ಮಾರ್ಚ್ 1963

ತಮ್ಮ ಎಗೊನ್‌ಗೆ ಒಟಿಲಿ ಅಕ್ಕನ ಆಶೀರ್ವಾದ.

ನಿನ್ನ ಕಾಗದ ಬಂದು ಏಳು ವಾರವಾಯಿತು. ಉತ್ತರ ತಡವಾಯಿತು, ಕ್ಷಮಿಸು. ಕಾಯಿಲೆ ಕಸಾಲೆ ಏನೂ ಇರಲಿಲ್ಲ. ಬರೆಯುವ ಮನಸ್ಸಿರಲಿಲ್ಲ, ಅಷ್ಟೇ. ಮಂಡಿನೋವು ಬಿಟ್ಟರೆ ಗಟ್ಟಿಯಾಗಿದ್ದೇನೆ. ನೀನು ಕೇಳಿದ್ದ ಕುಂಬಳಬೀಜದ ಎಣ್ಣೆ ಎರಡು ಶೀಶೆ ಕಳಿಸಿದ್ದೇನೆ. ಜಗಳ ಎಣ್ಣೆಯ ಮೇಲಲ್ಲವಲ್ಲ.

ಹೋದ ವಾರ ವಿಯೆನ್ನಾದಿಂದ ನಿನ್ನ ಶಿಷ್ಯ ಲಿಂಡ್ನರ್ ಬಂದಿದ್ದ. ನಿನಗೆ ಅರವತ್ತು ತುಂಬುತ್ತದಂತೆ, ಶಿಷ್ಯರೆಲ್ಲ ಸೇರಿ ಅಭಿನಂದನ ಗ್ರಂಥ ತರುತ್ತಾರಂತೆ, ಅದರಲ್ಲಿ ಅಕ್ಕನದೂ ಒಂದು ಪುಟ ಇರಬೇಕಂತೆ. "ನಮ್ಮ ಗುರುಗಳು ವಿಜ್ಞಾನದ ತತ್ವಶಾಸ್ತ್ರಕ್ಕೇ ಹೊಸ ದಾರಿ ತೋರಿಸಿದವರು ಅಮ್ಮಾ. ಏನಾದರೂ ಸಿಹಿಯಾದ ನೆನಪು ಬರೆದುಕೊಡಿ," ಅಂದ. "ಸಿಹಿ ಬೇಕಾದರೆ ಕೇಕ್ ಇದೆ, ತಿನ್ನಪ್ಪ," ಅಂದೆ. ಎರಡು ತುಂಡು ತಿಂದ. ತಿನ್ನುತ್ತಾ ನಿನ್ನ ಪುಸ್ತಕದ ಮೂರನೆಯ ಅಧ್ಯಾಯವನ್ನು ನನಗೇ ಪಾಠ ಮಾಡಿದ. "ಅದರಲ್ಲಿ ಬರೋ 'ಕುಮಾರಿ ಓ' ಯಾರು ಅಂತ ಗುರುಗಳು ಇವತ್ತಿಗೂ ಬಾಯಿ ಬಿಟ್ಟಿಲ್ಲ. ಪಾಪ, ಎಂಥ ಪೆದ್ದಿಯೋ," ಅಂದ. ಅವನಿಗೆ ಇನ್ನೊಂದು ಲೋಟ ಕಾಫಿ ಬಗ್ಗಿಸಿಕೊಟ್ಟೆ.

ಆ ಓ ನಾನೇ ಅಂತ ನಿನ್ನ ಶಿಷ್ಯರಿಗೆ ಗೊತ್ತಿಲ್ಲದಿರಬಹುದು. ಆಗ ನಮ್ಮ ಪ್ರಯೋಗಾಲಯದಲ್ಲಿ ಗೊತ್ತಿಲ್ಲದವರು ಯಾರಿದ್ದರು? ಮಿಂಚು ಎಣಿಸಲು ನಾವು ಮೂವರು ಹೆಂಗಸರು. ಅರ್ಧ ಗಂಟೆ ಕತ್ತಲಲ್ಲಿ ಕೂತು ಕಣ್ಣು ಹದ ಮಾಡಿಕೊಂಡು, ರೇಡಿಯಂ ಕಣ ಬಡಿದಾಗಲೆಲ್ಲ ಪರದೆಯ ಮೇಲೆ ಮೂಡುವ ಚುಕ್ಕಿ ಮಿಂಚನ್ನು ನಿಮಿಷ ನಿಮಿಷವೂ ಎಣಿಸಬೇಕು. ಪರದೆಯ ಹಿಂದೆ ಯಾವ ಲೋಹದ ಬಿಲ್ಲೆ ಇಟ್ಟಿದೆಯೆಂದು ಎಣಿಸುವವರಿಗೆ ಹೇಳುವಂತಿಲ್ಲ. ಬಿಲ್ಲೆಗೆ ರೇಡಿಯಂ ಹಚ್ಚುವುದು ನಿನ್ನ ಕೆಲಸ. ಒಂದು ದಿನ ನೀನು ಯಾರಿಗೂ ತಿಳಿಸದೆ ಏನೂ ಹಚ್ಚದ ಬಿಲ್ಲೆ ಇಟ್ಟೆ. ನಾನು ನಲವತ್ತೊಂದು ಅಂದೆ. ಮರುದಿನ ಎಲ್ಲರೆದುರು ಆ ಬಿಲ್ಲೆ ಎತ್ತಿ ತೋರಿಸಿ, "ಕಣ್ಣು ಇದ್ದದ್ದನ್ನು ನೋಡುವುದಿಲ್ಲ, ಬಯಸಿದ್ದನ್ನು ನೋಡುತ್ತದೆ," ಅಂದೆಯಲ್ಲ, ಆ ಒಂದು ಮಾತಿನ ಮೇಲೆ ನೀನು ಮೂವತ್ತೇಳು ವರ್ಷ ಊಟ ಮಾಡಿದೆ. ನನ್ನ ಎಂಟು ವರ್ಷದ ಎಣಿಕೆಯನ್ನೆಲ್ಲ ಪ್ರಯೋಗಾಲಯದ ಮುಖ್ಯಸ್ಥ ಪ್ರೊಫೆಸರ್ ಹಾಸ್ಲಿಂಗರ್ ಕಸದ ಬುಟ್ಟಿಗೆ ಹಾಕಿದರು. "ಮನೆಗೆ ಹೋಗಮ್ಮ, ಮದುವೆ ಮಾಡ್ಕೊ," ಅಂದರು. ನಾನು ಶಾಲೆಯಲ್ಲಿ ಹೆಣ್ಣುಮಕ್ಕಳಿಗೆ ಗಣಿತ ಹೇಳಿಕೊಡುತ್ತಾ ಮುದುಕಿಯಾದೆ.

ಅವಲೋಕನ ಎಂದರೇನು ಅಂತ ನೀನು ಆರು ಪುಸ್ತಕ ಬರೆದೆ. ನಿಜವಾಗಿ ನಿನಗೇನು ಕಂಡಿತು ಅಕ್ಕಾ ಅಂತ ಒಂದು ದಿನವೂ ಕೇಳಲಿಲ್ಲ. ನನಗೆ ಸಿಟ್ಟು ಅದಕ್ಕೇ. ನೀನು ಎಂಥ ತತ್ವಜ್ಞಾನಿಯೋ ನಾ ಕಾಣೆ.

ನಿನ್ನ ಹೆಂಡತಿ ಮಕ್ಕಳು ಚೆನ್ನಾಗಿರಲಿ. ನೀನೂ ನೂರು ವರ್ಷ ಬಾಳು, ಈ ಕಾಗದವನ್ನು ಮರೆಯದೆ ಬಾಳು.

ನಿನ್ನ ಅಕ್ಕ,
ಒಟಿಲಿ

ತಾ.ಕ.: ಆ ದಿನ ನನಗೆ ಏನೂ ಕಾಣಲಿಲ್ಲ. ಒಂದು ಮಿಂಚೂ ಇಲ್ಲ. ಹಿಂದಿನ ಎರಡು ಬಿಲ್ಲೆ ರೇಡಿಯಂ ಸರಿಯಾಗಿ ಹತ್ತದೆ ನಿನ್ನ ಕೈಯಲ್ಲಿ ಕೆಟ್ಟಿದ್ದವು. ಮೂರನೆಯದೂ ಕೆಟ್ಟರೆ ನಿನ್ನನ್ನು ಹೊರಗೆ ಹಾಕುತ್ತೇನೆ ಅಂತ ಹಾಸ್ಲಿಂಗರ್ ಬೆಳಿಗ್ಗೆ ನನ್ನೆದುರೇ ಗದರಿದ್ದರು. ಅದನ್ನೂ ಕೆಡಿಸಿದ್ದೀಯ ಅಂದುಕೊಂಡೆ. ನಿನ್ನ ಕೆಲಸ ಉಳಿಯಲಿ ಅಂತ ಬಾಯಿಗೆ ಬಂದ ಸಂಖ್ಯೆ ಹೇಳಿದೆ. ಮರುದಿನ ನಿಜ ಹೇಳಿದ್ದರೆ ಅಕ್ಕ ತಮ್ಮ ಸೇರಿ ಮೋಸ ಮಾಡಿದರು ಅಂತ ಇಬ್ಬರನ್ನೂ ಓಡಿಸುತ್ತಿದ್ದರು; ನೀನಾದರೂ ಉಳಿ ಅಂತ ಬಾಯಿ ಮುಚ್ಚಿಕೊಂಡೆ. ನನ್ನ ಕಣ್ಣು ಸರಿಯಾಗಿಯೇ ಇತ್ತು ಎಗೊನ್. ಲಿಂಡ್ನರ್ ಕೇಳಿದ ಪುಟದಲ್ಲಿ ಇಷ್ಟನ್ನೇ ಬರೆದು ನಿನ್ನೆ ಅಂಚೆಗೆ ಹಾಕಿದೆ.