ಎಡಗಡೆಯ ಕಮಾನು ಪಟ್ಟಿ

ಪೂಜ್ಯ ಯಜಮಾನರ ಪಾದಗಳಿಗೆ ಜಗದಾಂಬೆಯ ಶರಣು.

ಇವತ್ತು ಸೋಮವಾರದ ಉಪವಾಸ. ಕಸ ಗುಡಿಸಿ, ಲಿಂಗಪೂಜೆ ಮುಗಿಸಿ, ಮೈದುನ ಅಡವಯ್ಯನ ಜೊತೆ ನಿಮ್ಮ ಹಳೇ ಮೋಟಾರು ಕಾರನ್ನು ಶಿರಾದ ಮಿಸ್ತ್ರಿಯ ಹತ್ತಿರ ಒಯ್ದೆ. ನೀವು ಲಿಂಗೈಕ್ಯರಾದ ಮೇಲೆ ಅದನ್ನು ಹೊರಗೆ ತೆಗೆದಿದ್ದು ಇದೇ ಮೊದಲು. ದಾರಿಯುದ್ದಕ್ಕೂ ಬಲಕ್ಕೆ ಎಳೆಯುತ್ತಿತ್ತು.

ಮಿಸ್ತ್ರಿ ಮೋಟಾರಿನ ಅಡಿಗೆ ತೂರಿ ನೋಡಿದರು. "ಅರೆ, ಸ್ವಾಮೇರು ಕೂತು ಓಡಿಸ್ತಿದ್ದ ಕಡೆ ಗಾಲಿ ಮೇಲೆ ಭಾರ ಹೊರೋ ಕಮಾನು ಪಟ್ಟಿ ಪೂರಾ ಕುಸಿದೈತೆ. ಎಡಗಡೇದು ಹೊಸದಿದ್ದಂಗೈತೆ. ಪಕ್ಕದಾಗೆ ಯಾರೂ ಕೂತೇ ಇಲ್ವೇನಮ್ಮಾ?"

"ನಮ್ಮತ್ತಿಗೆ ಅಣ್ಣನ ಪಕ್ಕ ಕೂತಿದ್ರೆ ಮಧುಗಿರಿ ಬೆಟ್ಟನೇ ಉರುಳ್ಬುಡ್ತಿತ್ತು ಸಾಬ್ರೇ!" ಎಂದು ಅಡವಯ್ಯ ನಕ್ಕ. ನಾನೂ ನಕ್ಕೆ.

ಬಲಗಡೆಗೆ ಬೇರೆ ಪಟ್ಟಿ ಹಾಕಿ, ಗಾಲಿಗಳಿಗೆ ದಾರ ಹಿಡಿದು ನೇರ ಮಾಡಿದರು. ಈಗ ಮೋಟಾರು ವಾಲುವುದಿಲ್ಲ. ಬರುವಾಗಲೂ ನಾನು ಹಿಂದೆಯೇ ಕೂತೆ.

ಪ್ರತಿ ಸಲ ಊರು ದಾಟಿದ ಮೇಲೆ ನೀವು ನಿಲ್ಲಿಸಿ, "ಇಲ್ಲಿ ಯಾರೂ ನೋಡಲ್ಲ, ಮುಂದಕ್ಕೆ ಬರ್ತೀಯಾ?" ಎಂದು ಕೇಳುತ್ತಿದ್ದಿರಿ. ನಾನು ಸೆರಗು ಎಳೆದುಕೊಂಡು ಕಿಟಕಿಯಾಚೆ ನೋಡುತ್ತಿದ್ದೆ. ಈಗ ಆ ಮಾತಿಗೆ ಉತ್ತರವಿದೆ. ಯಾರನ್ನಾದರೂ ಕಳಿಸಿ ಆ ಉತ್ತರ ತರಿಸಿಕೊಳ್ಳಿ.